ಜನರೇಟರಿನ ಜೊತೆ ಮಾತಾಡುತ್ತಿದ್ದ ಗೌರಮ್ಮ

ನಮ್ಮೂರು ತೋಪಿನಹುಂಡಿಯಲ್ಲಿ ಕರೆಂಟು ಹೋದರೆ ಮೊದಲು ಬೈಯುವವನು ನಾನು. ನನ್ನದು ಹಿಟ್ಟಿನ ಮಿಲ್ಲು. ರಾಗಿ ಅರ್ಧ ಬೀಸಿರುವಾಗ ಕಲ್ಲು ನಿಂತುಹೋದರೆ ಎಂಥ ಸಾಧುವಿನ ಬಾಯಲ್ಲೂ ಒಳ್ಳೆಯ ಮಾತು ಬರುವುದಿಲ್ಲ, ನಾನಂತೂ ಸಾಧುವಲ್ಲ. ಊರಿನ ಉಳಿದವರೂ ಬೈಯುತ್ತಾರೆ, ನನ್ನಷ್ಟು ಚೆನ್ನಾಗಿ ಬೈಯುವುದಿಲ್ಲ ಅಷ್ಟೆ. ಕರೆಂಟು ಹೋದ ತಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಗುನಗುತ್ತ ಮನೆಯಿಂದ ಹೊರಬೀಳುವವಳು ಇಡೀ ಊರಿಗೆ ಒಬ್ಬಳೇ. ಅವಳು ಪುಟ್ಟಗೌರಮ್ಮ, ನಮ್ಮ ಡೈರಿಯ ಜನರೇಟರ್ ನಡೆಸುವವಳು.

ನಮ್ಮದು ಹೆಮ್ಮಿಗೆ ದಾರಿಯಲ್ಲಿ ಕಾಲುವೆ ದಾಟಿದರೆ ಸಿಗುವ ಸಣ್ಣ ಊರು. ಗೌರಮ್ಮ ಇಲ್ಲಿಗೆ ಸೊಸೆಯಾಗಿ ಬಂದದ್ದು ನಂಜನಗೂಡಿನಿಂದ. ಬಂದ ದಿನದಿಂದ ಇಂದಿನವರೆಗೆ ಅದನ್ನು ಯಾರಿಗೂ ಮರೆಯಲು ಬಿಟ್ಟಿಲ್ಲ. ನಮ್ಮೂರ ರಸಬಾಳೆಗೆ ನಿಮ್ಮೂರ ಬಾಳೆ ಸಮವೇ, ನಮ್ಮ ಕಪಿಲಾ ನೀರಿನ ರುಚಿ ನಿಮ್ಮ ಕಾಲುವೆ ನೀರಿಗೆ ಉಂಟೇ ಎಂದು ಶುರುವಾದರೆ ಗಂಡ ಮಾದಪ್ಪ ಎದ್ದು ಜಗಲಿಗೆ ಹೋಗಿ ಕೂರುತ್ತಾನೆ. ಮದುವೆಗೆ ಮುಂಚೆ ಅವಳು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕಸ ಗುಡಿಸುತ್ತಿದ್ದಳು. ಗುಡಿಸಬೇಕಾದ ಜಾಗಗಳಲ್ಲಿ ಜನರೇಟರ್ ಕೋಣೆಯೂ ಒಂದು. ಬೇರೆ ಹುಡುಗಿಯರು ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಿದರೆ ಇವಳು ಪೊರಕೆ ಊರಿಕೊಂಡು ನಿಂತು ನೋಡುತ್ತಿದ್ದಳು. ಅಲ್ಲಿ ಯಂತ್ರ ನಡೆಸುತ್ತಿದ್ದ ಮುದುಕನಿಗೆ ಮಾತಾಡಲು ಜನ ಬೇಕಿತ್ತು, ಇವಳಿಗೆ ಕೇಳಲು ಸಾವಿರ ಪ್ರಶ್ನೆಗಳಿದ್ದವು. ಹಾಗೆ ಕಲಿತದ್ದು. ಮದುವೆಯಾಗಿ ಕೆಲಸ ಬಿಟ್ಟ ಮೇಲೆ ಎಷ್ಟೋ ವರ್ಷ ಅವಳು ಕಳೆ ಕಿತ್ತಳು, ಹಾಲು ಕರೆದಳು. ಆದರೆ ಟಿ. ನರಸೀಪುರದ ಅಂಗಡಿ ಬೀದಿಯಲ್ಲಿ ಎಲ್ಲಾದರೂ ಜನರೇಟರ್ ಸದ್ದು ಕೇಳಿದರೆ ಮಾತ್ರ ನಿಂತುಬಿಡುತ್ತಿದ್ದಳು. ಸೀರೆ ಅಂಗಡಿ ಮುಂದೆ ಹೆಂಗಸರು ನಿಲ್ಲುವುದನ್ನು ಕಂಡಿದ್ದೇನೆ, ಜನರೇಟರ್ ಮುಂದೆ ನಿಂತವಳನ್ನು ಇವಳೊಬ್ಬಳನ್ನೇ ಕಂಡದ್ದು.

ಕೆಲವು ವರ್ಷದ ಕೆಳಗೆ ನಮ್ಮ ಡೈರಿಗೆ ಹಾಲಿನ ಕೂಲರ್ ಬಂತು. ಊರವರ ಹಾಲನ್ನೆಲ್ಲ ಸುರಿದು ತಂಪಾಗಿಡುವ ದೊಡ್ಡ ಸ್ಟೀಲ್ ತೊಟ್ಟಿ. ಕರೆಂಟಿಲ್ಲದಾಗ ಬೇಕಲ್ಲ ಎಂದು ಒಂದು ಹಳೆಯ ಜನರೇಟರನ್ನೂ ತಂದು ಪಕ್ಕದ ಶೆಡ್ಡಿನಲ್ಲಿ ಕೂರಿಸಿದರು. ಅದು ನಂಜನಗೂಡಿನ ಕಡೆಯಿಂದ ಬಂದ ಮಾಲು ಎಂದು ತಿಳಿದದ್ದೇ ತಡ, ಗೌರಮ್ಮ ಹೋಗಿ ನೋಡಿ ಬಂದು ಊರೆಲ್ಲ ಸಾರಿದಳು.

"ಅದು ನಮ್ ಫ್ಯಾಕ್ಟ್ರೀದೇ ಕಣ್ರೀ! ನಾನು ಒರೆಸಿ ಒರೆಸಿ ಇಟ್ಟಿದ್ದ ಮಿಷನ್ನು. ನನ್ ನೋಡ್ತಿದ್ದಂಗೇ ಗುರ್ತು ಇಡೀತು."

"ಅವ್ಳಿಗೆ ಎಲ್ಲಾ ಜನರೇಟ್ರೂ ತವರ್ಮನೇವೇ ಬುಡಪ್ಪ," ಎಂದ ಮಾದಪ್ಪ ನನ್ನ ಹತ್ತಿರ.

ಆಗ ಆ ಯಂತ್ರವನ್ನು ಕೇಳುವವರು ಯಾರೂ ಇರಲಿಲ್ಲ. ಕರೆಂಟು ಇದ್ದಾಗ ಅದರ ನೆನಪಾಗುತ್ತಿರಲಿಲ್ಲ, ಹೋದಾಗ ಅದು ಏಳುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಹಾಗೇ ಆಗಿ ತೊಟ್ಟಿಯ ಹಾಲು ಪೂರ್ತಿ ಒಡೆಯಿತು. ಊರಿನ ಹಾಲನ್ನು ಊರವರೇ ಚರಂಡಿಗೆ ಸುರಿದೆವು. ಆ ವಾಸನೆ ವಾರವಾದರೂ ಹೋಗಲಿಲ್ಲ. ಹಾಲು ಒಕ್ಕೂಟದ ಮೇಲಿನವರು ಬಂದು ಕಡ್ಡಿ ಮುರಿದ ಹಾಗೆ ಹೇಳಿ ಹೋದರು: ಇನ್ನೊಂದು ಸಲ ಹೀಗಾದರೆ ಕೂಲರ್ ಬೇರೆ ಊರಿಗೆ.

ಅದಾದ ಮೇಲಿನ ಸಭೆಯಲ್ಲೇ ಗೌರಮ್ಮ ಆ ಕೆಲಸ ಕೇಳಿದ್ದು. ಕೇಳಿದ ರೀತಿ ಮಾತ್ರ ವಿಚಿತ್ರ. ಡೈರಿಯ ಅಧ್ಯಕ್ಷರು ಮಹಾದೇವಸ್ವಾಮಿ, ಮಾದಪ್ಪನ ಅಣ್ಣ, ಎಂದರೆ ಗೌರಮ್ಮನಿಗೆ ಭಾವ. ನಮ್ಮ ಕಡೆ ತಮ್ಮನ ಹೆಂಡತಿ ಭಾವನಿಗೆ ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಈಗಿನ ಹುಡುಗಿಯರು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ಆ ಮನೆಯಲ್ಲಿ ಅದು ಹಾಗೇ ಉಳಿದುಕೊಂಡಿತ್ತು. ಊಟಕ್ಕೆ ಕರೆಯಬೇಕಾದರೂ ಗೌರಮ್ಮ ಕಂಬಕ್ಕೆ ಹೇಳುತ್ತಿದ್ದಳು: "ಮುದ್ದೆ ಆರೋಗ್ತದೆ." ಮಹಾದೇವಸ್ವಾಮಿಯವರೂ ಕಂಬದ ಕಡೆಯೇ ನೋಡಿ "ಬಂದೆ" ಎನ್ನುತ್ತಿದ್ದರು. ಊರಿಗೆಲ್ಲ ಕೇಳುವಂಥ ಗಂಟಲಿನ ಗೌರಮ್ಮ, ಭಾವನ ಮುಂದೆ ಮಾತ್ರ ಎಷ್ಟೋ ವರ್ಷದಿಂದ ಕಂಬ, ಬಾಗಿಲು, ಬೆಕ್ಕು, ಮಾದಪ್ಪ ಇವರ ಮೂಲಕವೇ ಬದುಕು ನಡೆಸಿದ್ದಳು.

ಸಭೆಯಲ್ಲೂ ಮಾದಪ್ಪನೇ ಎದ್ದು ನಿಂತು, "ಅಣ್ಣ, ಇವ್ಳು ಜನರೇಟ್ರು ನೋಡ್ಕತೀನಿ ಅಂತವ್ಳೆ," ಎಂದ. ಮಹಾದೇವಸ್ವಾಮಿ ಬಹಳ ಹೊತ್ತು ಗಡ್ಡ ಕೆರೆದುಕೊಂಡರು.

"ಮಾಡ್ಲಿ ಬುಡು. ಆದ್ರೆ ಇನ್ನೊಂದ್ಸತಿ ಆಲು ಒಡೀತು ಅಂದ್ರೆ ಕೂಲ್ರೂ ಓಗ್ತದೆ, ಅವ್ಳ ಕೆಲ್ಸಾನೂ ಓಗ್ತದೆ. ಏಳು ಅವ್ಳಿಗೆ."

ಅವಳು ಮೂರು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಕೆಲಸ ಸಿಕ್ಕಿದ ಮೇಲೆ ಅವಳ ನಡಿಗೆಯೇ ಬದಲಾಯಿತು. ಕರೆಂಟು ಇರಲಿ ಬಿಡಲಿ, ವಾರಕ್ಕೊಮ್ಮೆ ಜನರೇಟರ್ ಓಡಿಸಲೇಬೇಕು, ಇಲ್ಲದಿದ್ದರೆ ಅದಕ್ಕೆ ಸೋಮಾರಿತನ ಹತ್ತುತ್ತದೆ ಎನ್ನುತ್ತಿದ್ದಳು. ಡೀಸೆಲ್ ದಂಡ ಎಂದು ಗೊಣಗಿದವರಿಗೆ, "ನಿಮ್ ಎತ್ತ ಮೂರ್ ತಿಂಗ್ಳು ಕಟ್ಟಾಕಿ ಒಂದ್ಸತಿ ಉಳ್ರಿ ನೋಡಾನ," ಎಂದು ಬಾಯಿ ಮುಚ್ಚಿಸಿದಳು. ಶೆಡ್ಡು ಗುಡಿಸಿ, ಯಂತ್ರ ಒರೆಸಿ, ಅದರ ಜೊತೆ ಮನೆಮಗನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳಿಗೆ ಆ ಕೆಲಸವೆಂದರೆ ಪ್ರಾಣ. ಮಾದಪ್ಪನ ಹೆಂಡತಿ, ಮಹಾದೇವಸ್ವಾಮಿ ಮನೆ ಸೊಸೆ ಎಂದು ಕರೆಯುತ್ತಿದ್ದ ಜನ ಈಗ ಜನರೇಟರ್ ಗೌರಮ್ಮ ಎನ್ನುತ್ತಿದ್ದರು. ಅಣಕಿಸಿ ಅಂದರೂ ಅವಳು ಖುಷಿಯಿಂದ ಓಗೊಡುತ್ತಿದ್ದಳು.

ಹೀಗಿರುವಾಗ ಹೋದ ವರ್ಷದ ಆಯುಧಪೂಜೆ ಬಂತು.

ಮಹಾದೇವಸ್ವಾಮಿಯವರು ಪೂಜೆ ಎಂದರೆ ಕೈ ಹಿಡಿತವಿಲ್ಲದ ಮನುಷ್ಯ. ಬೇರೆಯವರು ನೇಗಿಲಿಗೆ ಒಂದು ಬೊಟ್ಟು ಇಟ್ಟರೆ ಇವರು ನೇಗಿಲೇ ಕಾಣದ ಹಾಗೆ ಕುಂಕುಮ ಹಚ್ಚುವವರು. ಅವತ್ತು ಬೆಳಿಗ್ಗೆ ಗೌರಮ್ಮ ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಾಗ ಇವರು ಡೈರಿಗೆ ಹೋಗಿ, ನಲ್ಲಿಗೆ ಪೈಪು ಸಿಕ್ಕಿಸಿ, ಜನರೇಟರಿಗೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಲು ಶುರುಮಾಡಿದ್ದರು. ಸುದ್ದಿ ತಿಳಿದು ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಭಾವನ ಕೈಯಿಂದ ಪೈಪು ಕಿತ್ತುಕೊಳ್ಳುವ ಹಾಗಿಲ್ಲ, ನಿಲ್ಲಿಸಿ ಎನ್ನುವ ಹಾಗೂ ಇಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಟಾರ್ಪಾಲು ಎಳೆದು, ಯಂತ್ರದಲ್ಲಿ ಕರೆಂಟು ಹುಟ್ಟುವ ಹಿಂಭಾಗಕ್ಕೆ ಹೊದೆಸಿ, ಜನರೇಟರಿಗೇ ಹೇಳಿದಳು:

"ನೋಡಪ್ಪಾ, ನಿಂಗೆ ನೆಗ್ಡಿ ಆದ್ರೆ ನಾನ್ ಜವಾಬ್ದಾರಿ ಅಲ್ಲ. ಒದ್ದೆ ಬಟ್ಟೇಲಿ ಮೈ ಒರೆಸೋದು ಗೊತ್ತಿಲ್ದೋರು ಬಾವಿಗೇ ತಳ್ತಾವ್ರೆ."

ಭಾವ ಕೇಳಿಸಿಕೊಂಡರು, ಉತ್ತರ ಕೊಡುವ ಹಾಗಿಲ್ಲವಲ್ಲ, ಇನ್ನಷ್ಟು ನೀರು ಬಿಟ್ಟರು. ಆಮೇಲೆ ಎರಡು ದಪ್ಪ ಬಾಳೆಕಂದು ತಂದು ಯಂತ್ರದ ಮುಂದಿನ ಜಾಲರಿಗೆ ಅಡ್ಡಲಾಗಿ ಬಿಗಿದರು, ಮೇಲೆ ಚೆಂಡುಹೂವಿನ ಹಾರ. ಬಿಸಿಯಾದ ಯಂತ್ರ ಗಾಳಿ ಎಳೆದುಕೊಳ್ಳುವುದೇ ಆ ಜಾಲರಿಯಲ್ಲಿ. ಬೂದುಗುಂಬಳ ಒಡೆದು, ಮಂಗಳಾರತಿ ಎತ್ತಿ, "ನಾಳೆ ಬೆಳಿಗ್ಗೆ ಪೂಜೆ ಇಳ್ಸಗಂಟ ಯಾರೂ ಮುಟ್ಕೂಡ್ದು," ಎಂದು ಶೆಡ್ಡಿನ ಬಾಗಿಲೆಳೆದರು. ಕರೆಂಟು ಇತ್ತು, ಕೂಲರ್ ಗುಂಯ್ ಎನ್ನುತ್ತಿತ್ತು, ಯಾರಿಗೂ ಚಿಂತೆ ಇರಲಿಲ್ಲ. ಗೌರಮ್ಮ ಒಬ್ಬಟ್ಟಿಗೆ ಹೂರಣ ತುಂಬುವಾಗಲೂ ಮುಖ ಊದಿಸಿಕೊಂಡೇ ಇದ್ದಳು ಎಂದು ಮಾದಪ್ಪ ಹೇಳುತ್ತಾನೆ. ಆ ಒಬ್ಬಟ್ಟು ನಾನೂ ತಿಂದೆ, ರುಚಿಯಲ್ಲಿ ಏನೂ ಕೊರತೆ ಇರಲಿಲ್ಲ.

ಮಧ್ಯಾಹ್ನದ ಮೇಲೆ ಚಿತ್ತೆ ಮಳೆ ಬಂತು. ಚಿತ್ತೆಗೆ ಕಣ್ಣಿಲ್ಲ ಅಂತಾರೆ, ಎಲ್ಲಿ ಹೊಡೆಯುತ್ತದೆ ಅದಕ್ಕೇ ಗೊತ್ತಿರುವುದಿಲ್ಲ. ಹೆಮ್ಮಿಗೆ ದಾರಿಯ ದೊಡ್ಡ ಹುಣಸೆಮರ ಕರೆಂಟಿನ ತಂತಿಯ ಮೇಲೆ ಬಿತ್ತು. ಕೂಲರ್ ನಿಂತಿತು. ಮಳೆ ಬಿಟ್ಟು ಬಿಸಿಲು ಇಳಿಯುವ ಹೊತ್ತಿಗೆ ಹಾಲು ಹಾಕುವವರು ಕ್ಯಾನು, ಚೊಂಬು, ಬಿಂದಿಗೆ ಹಿಡಿದು ಸಾಲು ನಿಂತೆವು. ತೊಟ್ಟಿಯಲ್ಲಿ ಬೆಳಗಿನ ಹಾಲು ಆಗಲೇ ಇತ್ತು, ಏಕೆಂದರೆ ಹಬ್ಬದ ದಿನ ಟ್ಯಾಂಕರ್ ಬರುವುದಿಲ್ಲ, ಟ್ಯಾಂಕರಿಗೂ ಪೂಜೆ. ಕಾರ್ಯದರ್ಶಿ ಅಮೃತೇಶ್ ಫೋನ್ ಮೇಲೆ ಫೋನ್ ಮಾಡಿ ಬಂದು ಹೇಳಿದ: ಟ್ಯಾಂಕರ್ ಬೆಳಿಗ್ಗೆಗೆ, ಕರೆಂಟೂ ಬೆಳಿಗ್ಗೆಗೆ. ಅಷ್ಟು ಹೊತ್ತು ತಂಪಿಲ್ಲದೆ ಇಟ್ಟರೆ ಬೆಳಗಿನ ಹಾಲು, ಸಂಜೆಯ ಹಾಲು ಎರಡೂ ಮೊಸರಿಗೂ ಬಾರದ ಹಾಗೆ ಕೆಡುತ್ತವೆ. ಆ ಬೇಸಿಗೆಯ ಚರಂಡಿ ವಾಸನೆ ಎಲ್ಲರ ಮೂಗಿಗೂ ಮತ್ತೆ ಬಂದಂತಾಯಿತು. ಎಲ್ಲರೂ ಗೌರಮ್ಮನ ಮುಖ ನೋಡಿದರು. ಅವಳು ಶೆಡ್ಡಿನ ಬಾಗಿಲು ನೋಡಿದಳು. ಬಾಗಿಲಿಗೆ ಅಡ್ಡವಾಗಿ, ಹಬ್ಬದ ಪಂಚೆ ಉಟ್ಟು ಹೊಸ ಬಿಳಿ ಶಲ್ಯ ಹೊದ್ದು, ಮಹಾದೇವಸ್ವಾಮಿ ನಿಂತಿದ್ದರು.

"ಪೂಜೆ ಆಗಿರೋ ಆಯ್ದ. ಬೆಳುಗ್ಗೆಗಂಟ ಮುಟ್ಟಂಗಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ನಮ್ಮನೇಲಿ ಹಂಗ್ ನಡ್ದಿಲ್ಲ," ಎಂದರು ಆಕಾಶಕ್ಕೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಗಟ್ಟಿಯಾಗಿಯೇ ಅಂದೆ. ಅವರು ದುರುಗುಟ್ಟಿ ನೋಡಿದರು, ನಾನು ಹಾಲಿನ ಚೊಂಬಿನೊಳಗೆ ನೋಡಿದೆ.

ಒಂದು ವಿಷಯ ಹೇಳಲೇಬೇಕು. ಮಹಾದೇವಸ್ವಾಮಿ ಕೆಟ್ಟವರಲ್ಲ. ಹಾಲು ಒಡೆದರೆ ಅವರದೂ ಒಡೆಯುತ್ತದೆ, ಅವರ ಮರ್ಯಾದೆಯೂ ಹೋಗುತ್ತದೆ. ಬೆವರುತ್ತಿದ್ದರು. ಆದರೆ ಪೂಜೆ ಮಾಡಿದ ಯಂತ್ರವನ್ನು ಅವತ್ತೇ ಮುಟ್ಟಿದರೆ ಊರಿಗೆ ಏನಾದರೂ ಆದೀತು ಎಂದು ನಿಜವಾಗಿಯೂ ಹೆದರಿದ್ದರು.

ಗೌರಮ್ಮ ಮಾದಪ್ಪನ ಕಡೆ ತಿರುಗಿದಳು. ದನಿ ಮಾತ್ರ ಸಾಲಿನ ಕೊನೆಯವರೆಗೂ ಕೇಳುವಷ್ಟಿತ್ತು.

"ನಿಮ್ಮಣ್ಣಯ್ಯನ್ನ ಒಂದ್ ಮಾತ್ ಕೇಳಿ. ಸಂಕ್ರಾಂತೀಲಿ ಅಸೀಗೆ ಮೈ ತೊಳ್ದು, ಹರಿಸ್ನ ಬಳ್ದು, ಪೂಜೆ ಮಾಡಿ ಕಿಚ್ಚು ಆಯಿಸ್ತಾರಲ್ಲ. ಆವತ್ತು ಸಂಜೀಗೆ ಆಲ್ ಕರೀದೆ ಬುಟ್ಬುಡ್ತಾರಾ?"

ಸಾಲಿನಲ್ಲಿ ಕಿಸಕ್ಕೆಂದು ನಗು ಹುಟ್ಟಿತು. ಮುಂದೆ ನಿಂತಿದ್ದ ಮರಿತಾಯಮ್ಮ, ಊರಿನ ಹಿರಿಯಳು, ಮಹಾದೇವಸ್ವಾಮಿಯನ್ನು ಎತ್ತಿ ಆಡಿಸಿದವಳು, ಕೋಲು ಕುಟ್ಟಿ ಹೇಳಿದಳು: "ಸರಿಯಾಗ್ ಕೇಳವ್ಳೆ ಕಣ್ಲಾ ಮಾದೇವ. ಕರೀದಿದ್ರೆ ಅಸೀನ ಕೆಚ್ಲು ಬಾತೋಯ್ತದೆ. ಪೂಜೆ ಮಾಡ್ಸ್ಕಂಡ್ ದೇವ್ರು ಕಷ್ಟಕ್ಕಾಗ್ದೇ ಇದ್ರೆ ಅದ್ಯಾವ್ ಸೀಮೆ ದೇವ್ರು?"

ಮಹಾದೇವಸ್ವಾಮಿ ನೆಲ ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಮಾದ, ಏನಾರ ಮಾಡ್ಕಳ್ಳಿ ಅಂತ ಏಳ್ಲಾ," ಎಂದರು.

ಹೇಳುವವರೆಗೆ ಅವಳೆಲ್ಲಿ ಕಾಯುತ್ತಾಳೆ. ಒಳಗೆ ಹೋಗಿ ಮೊದಲು ಯಂತ್ರಕ್ಕೆ ಕೈ ಮುಗಿದಳು. ಹಾರ ತೆಗೆದು ಮೊಳೆಗೆ ಜೋಪಾನವಾಗಿ ನೇತುಹಾಕಿದಳು. ಬಾಳೆಕಂದು ಬಿಚ್ಚಿ ಗೋಡೆಗೆ ಒರಗಿಸಿದಳು. ಬ್ಯಾಟರಿ ತುದಿಗೆ ಮೆತ್ತಿದ್ದ ಒದ್ದೆ ಕುಂಕುಮವನ್ನು ಒಣಬಟ್ಟೆಯಿಂದ ಒರೆಸಿ, ಟಾರ್ಪಾಲು ಸರಿಸಿ ಹಿಂಭಾಗ ಮುಟ್ಟಿ ನೋಡಿದಳು. ಒಣಗಿತ್ತು. ಬೆಳಿಗ್ಗೆ ಹಿಟ್ಟಿನ ಕೈಯಲ್ಲಿ ಹೊದೆಸಿದ್ದು ಈಗ ಕಾಪಾಡಿತ್ತು. ಕೀಲಿ ತಿರುಗಿಸಿದಳು. ಯಂತ್ರ ಗರ್ ಎಂದಿತು, ಎದ್ದಿತು, ಕೆಮ್ಮಿತು, ಶೆಡ್ಡು ತುಂಬ ಕಪ್ಪು ಹೊಗೆ ಕಾರಿ ನಿಂತುಹೋಯಿತು. ಮತ್ತೆ ತಿರುಗಿಸಿದಳು. ಮತ್ತೆ ಅದೇ.

"ನೋಡುದ್ರಾ? ನಾನ್ ಏಳ್ಲಿಲ್ವಾ?" ಎಂದರು ಮಹಾದೇವಸ್ವಾಮಿ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅಳು ಇತ್ತು. ಸಾಲಿನಲ್ಲಿ ಯಾರೋ ಹೆಂಗಸು ಕೆನ್ನೆ ಕೆನ್ನೆ ಬಡಿದುಕೊಂಡಳು. ಸುಳ್ಳೇಕೆ ಹೇಳಲಿ, ನಾನೂ ಒಂದು ಸಲ ಕೆನ್ನೆ ಮುಟ್ಟಿಕೊಂಡೆ.

ಗೌರಮ್ಮ ಹಿಂದೆ ನೋಡಲಿಲ್ಲ. ಯಂತ್ರದ ಪಕ್ಕೆಯಲ್ಲಿದ್ದ ಡಬ್ಬಿಯೊಂದರ ಮುಚ್ಚಳ ಬಿಚ್ಚಿ ಒಳಗಿನದನ್ನು ಹೊರಗೆಳೆದಳು. ಯಂತ್ರ ಉಸಿರೆಳೆದುಕೊಳ್ಳುವ ಗಾಳಿಯನ್ನು ಸೋಸುವ ಕಾಗದದ ಫಿಲ್ಟರ್ ಅದು. ಬೆಳಗಿನ ಅಭಿಷೇಕ ಕುಡಿದು ಟೀಯಲ್ಲಿ ಅದ್ದಿದ ಬನ್ನಿನಂತಾಗಿತ್ತು. ಹಿಂಡಿದರೆ ನೀರು ಸುರಿಯಿತು.

"ಅಪಚಾರ ಅಲ್ಲ ಕಣ್ರಪ್ಪ, ಮೂಗ್ ಕಟ್ಟದೆ!" ಎಂದು ಅದನ್ನೆತ್ತಿ ಎಲ್ಲರಿಗೂ ತೋರಿಸಿದಳು. "ಒಂದ್ ತೆಳ್ಳುನ್ ಬಟ್ಟೆ ಕೊಡಿ, ಅತ್ತಿ ಬಟ್ಟೆ. ಬಾಯಿಗೆ ಬಿಗ್ದು ಕಟ್ತೀನಿ. ಮಳೆ ಬಂದು ಧೂಳಿಲ್ಲ, ಇವತ್ತಿಗೆ ಸಾಕು. ಬೆಳಿಗ್ಗೆ ಓಗಿ ಹೊಸುದ್ ತರಾನ."

ಎಲ್ಲರೂ ತಮ್ಮ ಮೈ ನೋಡಿಕೊಂಡರು. ಹಬ್ಬದ ದಿನ. ಹೆಂಗಸರೆಲ್ಲ ಮಿರಮಿರ ಮಿಂಚುವ ಹೊಸ ಸೀರೆ, ನೀರೂ ಇಳಿಯದಂಥ ನೂಲು, ಇನ್ನು ಗಾಳಿ ಎಲ್ಲಿ ಇಳಿಯುತ್ತದೆ. ಗಂಡಸರದು ದಪ್ಪ ಪ್ಯಾಂಟು, ಗಂಜಿ ಹಾಕಿದ ಅಂಗಿ. ನನ್ನ ಹೆಗಲ ಮೇಲಿನ ಟವೆಲ್ಲನ್ನು ಕೊಡಲು ಹೋದೆ. ಅವಳು ಅದನ್ನು ಮೂಸಿ, ಹಿಟ್ಟು ಕೊಡವಿ ತೋರಿಸಿ, "ಇದ್ನ ಕಟ್ಟುದ್ರೆ ಜನರೇಟ್ರು ರೊಟ್ಟಿ ಬೇಯಿಸ್ತದೆ ಶಿವರಾಜಣ್ಣ," ಎಂದು ವಾಪಸು ಎಸೆದಳು. ಅಂಥ ಹೊತ್ತಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ.

ಆಮೇಲೆ ಅವಳ ಕಣ್ಣು ಭಾವನ ಶಲ್ಯದ ಮೇಲೆ ನಿಂತಿತು. ನೂಲು ನೂಲು ಎಣಿಸುವ ಹಾಗಿದ್ದ ತೆಳುವಾದ ಹತ್ತಿ ಶಲ್ಯ, ಅವತ್ತೇ ಮಡಿಕೆ ಬಿಚ್ಚಿದ್ದು.

ಅವಳು ಮಾದಪ್ಪನ ಕಡೆ ನೋಡಿದಳು. ಅವನು ಬೆಳಕು ಬೇಕೆಂದು ಟಾರ್ಚು ತರಲು ಮನೆಗೆ ಓಡಿದ್ದ. ಕಂಬ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಜನರೇಟರಿನ ಕಡೆ ತಿರುಗಿ ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಕ್ಯಾನುಗಳಲ್ಲಿ ಹಾಲು ಬೆಚ್ಚಗೆ ಕೂತಿತ್ತು. ಗೌರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ಸೀದಾ ಮಹಾದೇವಸ್ವಾಮಿಯವರ ಮುಂದೆ ಹೋಗಿ ನಿಂತು, ಅವರ ಮುಖ ನೋಡಿ ಹೇಳಿದಳು:

"ಬಾವ, ಶಲ್ಯ ಕೊಡಿ."

ಮದುವೆಯಾಗಿ ಬಂದಾಗಿನಿಂದ ಅವಳು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಕಕ್ಕಾಬಿಕ್ಕಿಯಾದರು. ಅತ್ತಿತ್ತ ನೋಡಿದರು, ಅವರಿಗೂ ಕಂಬ ಸಿಗಲಿಲ್ಲ. ಮರಿತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಹಾದೇವಸ್ವಾಮಿಯವರ ಕೈ ನಿಧಾನವಾಗಿ ಹೆಗಲಿಗೆ ಹೋಯಿತು. ಶಲ್ಯ ತೆಗೆದು, ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅವಳು ಅದನ್ನು ಎರಡು ಪದರ ಮಾಡಿ ಗಾಳಿಯ ಬಾಯಿಗೆ ಹೊದೆಸಿ, ತಂತಿ ಸುತ್ತಿ, ಒಳಕ್ಕೆ ಎಳೆದುಕೊಳ್ಳದ ಹಾಗೆ ಬಿಗಿದಳು. ಕೀಲಿ ತಿರುಗಿಸಿದಳು. ಯಂತ್ರ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಗಡಗಡ ಎಂದು ನೆಲ ನಡುಗಿತು. ನಾವೆಲ್ಲ ಹೋ ಎಂದೆವು. "ಆಕವ್ವ, ಕೂಲರಿಗಾಕು!" ಎಂದು ಕೂಗಿದರೂ ಅವಳು ಕೈಯೆತ್ತಿ ತಡೆದಳು. ತಲೆ ಓರೆ ಮಾಡಿ ಸದ್ದು ಕೇಳುತ್ತ ನಿಂತಳು, ಹೊಗೆ ತಿಳಿಯಾಗುವವರೆಗೆ ಬಿಟ್ಟಳು. ಯಂತ್ರ ಒಂದೇ ಸಮ ಓಡತೊಡಗಿದ ಮೇಲೆ, ಕಟ್ಟಡಕ್ಕೆ ಕರೆಂಟು ಕೊಡುವ ದೊಡ್ಡ ಹಿಡಿಕೆಯನ್ನು ಕೆಳಕ್ಕೆಳೆದಳು. ಡೈರಿಯ ದೀಪಗಳು ಒಟ್ಟಿಗೆ ಹತ್ತಿಕೊಂಡವು. ಕೂಲರ್ ಗುಂಯ್ ಎಂದಿತು. ಕತ್ತಲು ಕವಿಯುತ್ತಿದ್ದ ಊರಿನಲ್ಲಿ ಅದೊಂದೇ ಕಟ್ಟಡ ಮದುವೆ ಮನೆಯಂತೆ ಬೆಳಗಿತು. ಮಾದಪ್ಪ ಟಾರ್ಚು ಹಿಡಿದು ಓಡಿ ಬಂದವನು ಆ ಬೆಳಕು ಕಂಡು ಟಾರ್ಚು ಆರಿಸಿದ.

ಹಾಲು ಸುರಿಯುವುದು ಇನ್ನೂ ಮುಗಿದಿರಲಿಲ್ಲ. ಕಾಲುವೆಯಾಚೆ ಊರಿನಿಂದ ಒಂದು ಲಗೇಜ್ ಆಟೋ ಕ್ಯಾನು ತುಂಬಿಕೊಂಡು ಬಂತು. ಅಲ್ಲೂ ಕೂಲರ್ ಇದೆ, ಜನರೇಟರ್ ಇದೆ, ಅದಕ್ಕೂ ಭರ್ಜರಿಯಾಗಿ ಸ್ನಾನ, ಪೂಜೆ ಎಲ್ಲ ಆಗಿತ್ತು. ಅಲ್ಲಿ ಗೌರಮ್ಮ ಇರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಹಾಲು ಒಡೆದಾಗ, ತಮ್ಮದೊಂದು ಇದ್ದರೂ ನಮ್ಮ ಕೂಲರ್ ಕೂಡ ತಮಗೇ ಬರಲಿ ಎಂದು ಕಣ್ಣು ಹಾಕಿದ್ದ ಜನ ಅವರು. ಈಗ ತಲೆ ಕೆರೆಯುತ್ತ, "ನಿಮ್ ತೊಟ್ಟೀಲಿ ಒಸಿ ಜಾಗ ಇದ್ರೆ," ಎಂದರು. ನನಗೆ ನಾಲಿಗೆ ತುರಿಸುತ್ತಿತ್ತು. ಮಹಾದೇವಸ್ವಾಮಿ ಬರಿಯ ಹೆಗಲಲ್ಲೇ ಎದೆ ಸೆಟೆಸಿ ಮುಂದೆ ಬಂದು, "ಬನ್ನಿ ಬನ್ನಿ, ನಮ್ ಜನರೇಟ್ರು ಇರಗಂಟ ಯಾರ್ ಆಲೂ ಒಡೀಬಾರ್ದು," ಎಂದು ತಾವೇ ಕ್ಯಾನಿಗೆ ಕೈ ಹಾಕಿದರು. ಅವರ ಹಾಲು ಪೂರ್ತಿ ಅಲ್ಲದಿದ್ದರೂ ನಮ್ಮ ತೊಟ್ಟಿಯಲ್ಲಿ ಹಿಡಿಸುವಷ್ಟು ಹಿಡಿಸಿದೆವು.

ಬೆಳಿಗ್ಗೆ ಟ್ಯಾಂಕರ್ ಬಂದಾಗ ಹಾಲು ನೋಡಿದವನು ಚಮಚದಲ್ಲಿ ಎತ್ತಿ, ಮೂಸಿ, ರುಚಿ ನೋಡಿ, "ಫಸ್ಟ್ ಕ್ಲಾಸ್," ಎಂದ. ಗೌರಮ್ಮ ಕೇಳಿಸದವಳಂತೆ ನಿಂತಿದ್ದಳು. ಅವನು ಇನ್ನೊಂದು ಸಲ ಹೇಳಲಿ ಎಂದು ಹಾಗೆ ನಿಂತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮರಿತಾಯಮ್ಮ ಅವನಿಂದ ಇನ್ನೊಂದು ಸಲ ಹೇಳಿಸಿದಳು. ಕೂಲರ್ ನಮ್ಮೂರಲ್ಲೇ ಉಳಿಯಿತು, ಅವಳ ಕೆಲಸದ ಬಗ್ಗೆ ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ಮನೆಯಲ್ಲಿ ಮಾತ್ರ ಹಳೆಯ ಪದ್ಧತಿಯೇ ಮುಂದುವರಿಯಿತು. ಮರುದಿನವೇ ಗೌರಮ್ಮ ಕಂಬಕ್ಕೆ "ಮುದ್ದೆ ಆರೋಗ್ತದೆ" ಎಂದಳಂತೆ, ಭಾವ ಕಂಬಕ್ಕೆ "ಬಂದೆ" ಎಂದರಂತೆ. ಒಂದು ಶಲ್ಯಕ್ಕೆ ಇಷ್ಟು ವರ್ಷದ ಸಂಕೋಚ ಎಲ್ಲಿ ಹೋಗುತ್ತದೆ ಎಂದುಕೊಂಡೆ ನಾನು.

ಈ ವರ್ಷ ಆಯುಧಪೂಜೆ ಮತ್ತೆ ಬಂತು. ತಮಾಷೆ ನೋಡಲೆಂದೇ ನಾನು ಬೇಗ ಹೋದೆ. ನಲ್ಲಿಗೆ ಪೈಪು ಸಿಕ್ಕಿಸಿರಲಿಲ್ಲ. ಗೌರಮ್ಮ ಹಿಂಡಿದ ಬಟ್ಟೆಯಲ್ಲಿ ಯಂತ್ರ ಒರೆಸಿ ಪಕ್ಕಕ್ಕೆ ನಿಂತಿದ್ದಳು. ಬಾಳೆಕಂದು ಬಾಗಿಲಿನ ಎರಡು ಕಡೆ ಇದ್ದವು. ಮಹಾದೇವಸ್ವಾಮಿ ಒಳಗೆ ಬಂದರು. ಹೆಗಲ ಮೇಲೆ ಅದೇ ಶಲ್ಯ. ಎಷ್ಟು ಒಗೆದರೂ ಹೋಗದ ದುಂಡನೆಯ ಕಪ್ಪು ಕಲೆ ನಡುವೆ ಕಾಣುತ್ತಿತ್ತು, ಅವರು ಅದನ್ನು ಮುಚ್ಚಿಕೊಳ್ಳದೆ ಹೊರಮುಖವಾಗಿಯೇ ಹೊದ್ದಿದ್ದರು. ಬಟ್ಟಲಿನಿಂದ ಬೆರಳಲ್ಲಿ ಕುಂಕುಮ ತೆಗೆದುಕೊಂಡು ಯಂತ್ರದ ಹತ್ತಿರ ಬಂದವರು ನಿಂತುಬಿಟ್ಟರು. ಮಾದಪ್ಪ ಅಲ್ಲೇ ಇದ್ದ, ನಾನಿದ್ದೆ, ಅಮೃತೇಶ್ ಇದ್ದ. ಅವರು ನಮ್ಮ ಯಾರ ಕಡೆಯೂ ನೋಡಲಿಲ್ಲ. ತಿರುಗಿ ಗೌರಮ್ಮನ ಮುಖ ನೋಡಿ ಕೇಳಿದರು:

"ಎಲ್ಲಿಗ್ ಇಡ್ಲವ್ವಾ?"

ಗೌರಮ್ಮನ ಕಣ್ಣು ತುಂಬಿತು. ಆದರೂ ಅವಳು ಅವಳೇ ತಾನೆ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಮುಂದೆ ಬಂದು ಯಂತ್ರದ ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ, ಬಾವ. ಒಸೀನೇ ಸಾಕು."